ಎಟಿಪಿ ಕಡಿಮೆಯಾದದ್ದು ಕೋಶದಲ್ಲೋ, ಟ್ಯೂಬಿನಲ್ಲೋ?

ಪ್ರಶ್ನೆ: ನಾನು ಜೀವರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಎಚ್‌ಇಕೆ 293 ಕೋಶಗಳಲ್ಲಿ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕೋಶಗಳು) ಕೋಶದ ಇಂಧನವಾದ ಎಟಿಪಿ, ಅದು ಫಾಸ್ಫೇಟ್ ಕಳೆದುಕೊಂಡು ಆಗುವ ಎಡಿಪಿ, ಎಎಂಪಿ ಮೂರನ್ನೂ ಅಳೆಯುತ್ತಿದ್ದೇನೆ. ಕೋಶಗಳನ್ನು ಟ್ರಿಪ್ಸಿನ್ ಕಿಣ್ವ ಹಾಕಿ ಪ್ಲೇಟಿನಿಂದ ಬಿಡಿಸಿ, ಪಿಬಿಎಸ್ ಎಂಬ ಉಪ್ಪಿನ ಬಫರ್‌ನಲ್ಲಿ ಎರಡು ಸಲ ತೊಳೆದು, ಪೆಲೆಟ್ಟನ್ನು ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇನೆ. ಆಮೇಲೆ ಕೋಶ ಒಡೆಯುವ ಲೈಸಿಸ್ ಬಫರ್‌ನಲ್ಲಿ ಕರಗಿಸಿ, ಎಟಿಪಿ ಇದ್ದರೆ ಬೆಳಕು ಕೊಡುವ ಲ್ಯೂಸಿಫರೇಸ್ ಕಿಣ್ವದ ಕಿಟ್‌ನಿಂದ ನೋಡುತ್ತೇನೆ. ಮಿಲಿಗ್ರಾಂ ಪ್ರೋಟೀನಿಗೆ 4 ನ್ಯಾನೊಮೋಲ್ ಎಟಿಪಿ ಸಿಗುತ್ತಿದೆ, ಎನರ್ಜಿ ಚಾರ್ಜ್ (ಮೂರರ ಅನುಪಾತದಿಂದ ಕೋಶದ ಇಂಧನ ಸ್ಥಿತಿ ಹೇಳುವ ಸಂಖ್ಯೆ) 0.55 ಬರುತ್ತಿದೆ. ಪುಸ್ತಕಗಳಲ್ಲಿ 0.9 ಅಂತಿದೆ. ಕೋಶಗಳೇ ಸರಿಯಿಲ್ಲ ಅನ್ನುತ್ತಾರೆ ಗೈಡ್. ಹೌದೇ? ಇದೇ ಸ್ಯಾಂಪಲ್ಲಿನಲ್ಲಿ ಅಡೆನೊಸಿನ್ ಕೂಡ ಅಳೆಯಬಹುದೇ?

ಉತ್ತರ: ಕೋಶಗಳ ಮೇಲೆ ತಪ್ಪು ಹೊರಿಸುವ ಮೊದಲು ಅವು ಪ್ಲೇಟಿನಲ್ಲಿ ಹೇಗಿದ್ದವು ಎಂದು ನೆನಪಿಸಿಕೊಳ್ಳಿ. ಅಂಟಿಕೊಂಡು, ಹರಡಿಕೊಂಡು, ದಿನಕ್ಕೊಮ್ಮೆ ಇಮ್ಮಡಿಯಾಗುತ್ತಿದ್ದ ಕೋಶಗಳ ಎನರ್ಜಿ ಚಾರ್ಜ್ 0.55 ಇರಲು ಸಾಧ್ಯವಿಲ್ಲ. ನೀವು ಅಳೆದದ್ದು ಆ ಕೋಶಗಳನ್ನಲ್ಲ, ಟ್ರಿಪ್ಸಿನ್, ಪಿಬಿಎಸ್, ಫ್ರೀಜರ್, ಲೈಸಿಸ್ ಬಫರ್ ಎಲ್ಲವನ್ನೂ ದಾಟಿ ಬಂದ ಮೇಲೆ ಉಳಿದದ್ದನ್ನು.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಒಂದು ಕೋಶದ ಗಾತ್ರ ಸುಮಾರು 2 ಪಿಕೊಲೀಟರ್, ಒಳಗಿನ ಎಟಿಪಿ ಸುಮಾರು 3 ಮಿಲಿಮೋಲಾರ್ ಎಂದು ಇಟ್ಟುಕೊಳ್ಳಿ. ಹತ್ತು ಲಕ್ಷ ಕೋಶಕ್ಕೆ 6 ನ್ಯಾನೊಮೋಲ್ ಆಯಿತು. ಅಷ್ಟು ಕೋಶದಲ್ಲಿ ಪ್ರೋಟೀನು 0.2 ಮಿಲಿಗ್ರಾಂ ಆಸುಪಾಸು ಇರುವುದರಿಂದ, ಮಿಲಿಗ್ರಾಂಗೆ 30 ನ್ಯಾನೊಮೋಲ್. ಕೋಶದ ಗಾತ್ರ, ಬೆಳೆಸಿದ ರೀತಿ ನೋಡಿಕೊಂಡು ಇದು 15 ಆಗಬಹುದು, 40 ಆಗಬಹುದು. ಆದರೆ 4 ಬಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಬೆಳೆಯುತ್ತಿರುವ ಕೋಶ ತನ್ನ ಇಡೀ ಎಟಿಪಿ ಸಂಗ್ರಹವನ್ನು ಒಂದೆರಡು ನಿಮಿಷದೊಳಗೆ ಖರ್ಚು ಮಾಡಿ ಮತ್ತೆ ತುಂಬಿಕೊಳ್ಳುತ್ತದೆ. ಗ್ಲೂಕೋಸ್ ಇಲ್ಲದ ಪಿಬಿಎಸ್‌ನಲ್ಲಿ ತುಂಬುವ ಕೆಲಸ ಕುಂಟುತ್ತದೆ, ಖರ್ಚು ಮಾತ್ರ ನಡೆದೇ ಇರುತ್ತದೆ. ಫ್ರೀಜರಿನಿಂದ ತೆಗೆದು ಕರಗಿಸುವಾಗ ಇನ್ನೂ ಕಷ್ಟ. ಪೊರೆ ಒಡೆದಿರುತ್ತದೆ, ಎಟಿಪಿ ತಯಾರಿ ನಿಂತಿರುತ್ತದೆ, ಎಟಿಪಿ ಒಡೆಯುವ ಕಿಣ್ವಗಳು ಮಾತ್ರ ಗಟ್ಟಿಯಾಗಿ ಉಳಿದಿರುತ್ತವೆ. ಸಾಮಾನ್ಯ ಡಿಟರ್ಜೆಂಟ್ ಲೈಸಿಸ್ ಬಫರ್ ಅವುಗಳನ್ನು ಕೊಲ್ಲುವುದಿಲ್ಲ.

ಇನ್ನು ಆ 0.55. ಎನರ್ಜಿ ಚಾರ್ಜ್ ಎಂದರೆ ಎಟಿಪಿಗೆ ಎಡಿಪಿಯ ಅರ್ಧವನ್ನು ಕೂಡಿಸಿ, ಮೂರರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆ. 1960ರ ದಶಕದ ಕೊನೆಯಲ್ಲಿ ಡೇನಿಯಲ್ ಆಟ್ಕಿನ್‌ಸನ್ ಮುಂದಿಟ್ಟ ಅಳತೆ ಇದು. ಆರೋಗ್ಯವಂತ ಕೋಶದಲ್ಲಿ 0.8ರಿಂದ 0.95ರೊಳಗೆ ಇರುತ್ತದೆ. ಇದರ ಹಿಂದೆ ಅಡೆನೈಲೇಟ್ ಕೈನೇಸ್ ಎಂಬ ಕಿಣ್ವ ಇದೆ. ಎರಡು ಎಡಿಪಿ ಸೇರಿಸಿ ಒಂದು ಎಟಿಪಿ, ಒಂದು ಎಎಂಪಿ ಮಾಡುವುದು, ಬೇಕಾದರೆ ಹಿಂದಕ್ಕೂ ಮಾಡುವುದು ಅದರ ಕೆಲಸ. ಸಮತೋಲನ ಸ್ಥಿರಾಂಕ 1ರ ಹತ್ತಿರ. ಮೊತ್ತ 5 ಮಿಲಿಮೋಲಾರ್ ಇದ್ದು ಎಟಿಪಿ 4.5 ಇದ್ದರೆ ಎಡಿಪಿ 0.454, ಎಎಂಪಿ 0.046. ಎಟಿಪಿ 4.0ಕ್ಕೆ ಇಳಿದರೆ ಎಡಿಪಿ 0.83, ಎಎಂಪಿ 0.17. ಎಟಿಪಿ ಶೇ 11 ಇಳಿದದ್ದಕ್ಕೆ ಎಎಂಪಿ ಮೂರೂವರೆ ಪಟ್ಟಿಗಿಂತ ಹೆಚ್ಚು ಏರಿತು. ಇಂಧನ ಕೊರತೆಯ ಸುಳಿವಿಗೆ ಎಎಂಪಿ-ಕೈನೇಸ್ ಎಂಬ ಕಿಣ್ವ ಎಎಂಪಿಯನ್ನು ಗಮನಿಸುವುದು ಇದೇ ಕಾರಣಕ್ಕೆ. ನಿಮ್ಮ ಸ್ಯಾಂಪಲ್ ಒಂದು ನಿಮಿಷ ತಡವಾದರೂ ಮೊದಲು ಕೆಡುವುದು ಎಎಂಪಿ ಅಂಕಿಯೇ.

ಇದೇ ಸೂತ್ರವನ್ನು ನಿಮ್ಮ ಅಂಕಿಗೆ ಹಾಕಿ ನೋಡೋಣ. ಚಾರ್ಜ್ 0.55 ಇರುವಾಗ ಸಮತೋಲನದಲ್ಲಿ ಎಟಿಪಿಯ ಪಾಲು ಮೊತ್ತದ ಸುಮಾರು ಶೇ 38. ಎಟಿಪಿ 4 ಆದರೆ ಮೂರರ ಮೊತ್ತ 10–11 ನ್ಯಾನೊಮೋಲ್ ಆಗಬೇಕು. ಇರಬೇಕಾದದ್ದು 30ರ ಆಚೆ. ಅಂದರೆ ಎಟಿಪಿ ಒಡೆದು ಎಡಿಪಿ, ಎಎಂಪಿ ಆದದ್ದಷ್ಟೇ ಅಲ್ಲ, ಮೂರರಲ್ಲಿ ಎರಡು ಪಾಲು ಲೆಕ್ಕದಿಂದಲೇ ಹೊರಬಿದ್ದಿದೆ. ಎಎಂಪಿಯ ಫಾಸ್ಫೇಟನ್ನು ನ್ಯೂಕ್ಲಿಯೋಟಿಡೇಸ್ ಕಿತ್ತರೆ ಅಡೆನೊಸಿನ್, ಅದರ ಅಮೈನೊ ಗುಂಪನ್ನು ಅಡೆನೊಸಿನ್ ಡಿಅಮಿನೇಸ್ ತೆಗೆದರೆ ಇನೊಸಿನ್, ಮುಂದೆ ಹೈಪೊಕ್ಸಾಂಥಿನ್. ಇನ್ನೊಂದು ದಾರಿಯಲ್ಲಿ ಎಎಂಪಿ ಡಿಅಮಿನೇಸ್ ಎಎಂಪಿಯ ಅಮೈನೊ ಗುಂಪನ್ನೇ ತೆಗೆದು ನೇರವಾಗಿ ಐಎಂಪಿ ಮಾಡುತ್ತದೆ. ಇವು ಯಾವುವೂ ಲ್ಯೂಸಿಫರೇಸ್ ಕಣ್ಣಿಗೆ ಬೀಳುವುದಿಲ್ಲ. ಪೊರೆ ಹರಿದು ತೊಳೆದ ನೀರಿನೊಂದಿಗೆ ಹೋದದ್ದೂ ಅಷ್ಟೇ.

ಆದ್ದರಿಂದ ಎನರ್ಜಿ ಚಾರ್ಜ್ ಒಂದನ್ನೇ ಬರೆದ ಫಲಿತಾಂಶವನ್ನು ನಾನು ನಂಬುವುದಿಲ್ಲ. ಮೊತ್ತ ಎಷ್ಟು ಎಂದು ಮೊದಲು ಕೇಳುತ್ತೇನೆ. ದಣಿದ ಸ್ನಾಯುವಿನಲ್ಲಿ ಎಎಂಪಿಯನ್ನು ಐಎಂಪಿಯಾಗಿಸಿ ಪಕ್ಕಕ್ಕೆ ಸರಿಸುವುದರಿಂದ ಚಾರ್ಜ್ ಚೆನ್ನಾಗಿಯೇ ಕಾಣುತ್ತದೆ, ಎಟಿಪಿ ಗಣನೀಯವಾಗಿ ಇಳಿದಿದ್ದರೂ! ತಿರುಗಿಸಿ ಹೇಳುವುದಾದರೆ, ಮೊತ್ತ ಸರಿಯಿದ್ದು ಚಾರ್ಜ್ ಮಾತ್ರ ಇಳಿದಿದ್ದರೆ ಎಟಿಪಿ ಇತ್ತೀಚೆಗೆ, ಬೇಗ ಒಡೆದಿದೆ. ಚಾರ್ಜ್ ಸರಿಯಿದ್ದು ಮೊತ್ತ ಮಾತ್ರ ಇಳಿದಿದ್ದರೆ ಸ್ನಾಯುವಿನಲ್ಲಿ ಆದಂತೆ ಐಎಂಪಿಯಾಗಿ ಸರಿದಿಲ್ಲವಾದರೆ ಹೊರತೆಗೆಯುವಾಗ ನಷ್ಟವಾಗಿದೆ, ಇಲ್ಲವೇ ಲ್ಯೂಸಿಫರೇಸಿಗೆ ಏನೋ ಅಡ್ಡಿ ಮಾಡುತ್ತಿದೆ, ಏಕೆಂದರೆ ಅಡ್ಡಿ ಎಟಿಪಿ, ಎಡಿಪಿ, ಎಎಂಪಿ ಮೂರರ ಅಳತೆಗೂ ಸಮನಾಗಿ ತಟ್ಟುತ್ತದೆ. ನಿಮ್ಮದರಲ್ಲಿ ಎರಡೂ ಇಳಿದಿವೆ. ಕೋಶ ಬಿಡಿಸಿದ ಮೇಲೆ ಬಹಳ ಹೊತ್ತು ಕಿಣ್ವಗಳು ಕೆಲಸ ಮಾಡಿವೆ ಎಂಬುದಕ್ಕೆ ಇದೇ ಗುರುತು.

ಪರಿಹಾರ: ಟ್ರಿಪ್ಸಿನ್ ಬಿಡಿ. ಪ್ಲೇಟಿನ ಮೇಲೆಯೇ ಆಮ್ಲ ಸುರಿಯಿರಿ.

6 ವೆಲ್ ಪ್ಲೇಟಿನ ಒಂದು ವೆಲ್ಲಿಗೆ ಹೀಗೆ ಮಾಡಿ. ಮೊದಲು 0.6 ಮೋಲಾರ್ ಪರ್ಕ್ಲೋರಿಕ್ ಆಮ್ಲ ಮಾಡಿಟ್ಟುಕೊಳ್ಳಿ. ಶೇ 70ರ ಬಾಟಲಿ ಸುಮಾರು 11.6 ಮೋಲಾರ್, ಹಾಗಾಗಿ 100 ಮಿಲಿಗೆ 5.2 ಮಿಲಿ ಸಾಕು. ಆಮ್ಲವನ್ನು ನೀರಿಗೆ ಹಾಕಬೇಕು, ಉಲ್ಟಾ ಅಲ್ಲ. ಚೆಲ್ಲಿದರೆ ಟಿಶ್ಯೂ ಪೇಪರಿನಲ್ಲಿ ಒರೆಸಿ ಕಸದ ಬುಟ್ಟಿಗೆ ಎಸೆಯಬೇಡಿ. ಒಣಗಿದ ಪರ್ಕ್ಲೋರಿಕ್ ಆಮ್ಲ ಕಾಗದದಂಥ ವಸ್ತುವಿನೊಂದಿಗೆ ಸೇರಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಧಾರಾಳ ನೀರು ಹಾಕಿ ತೊಳೆಯಿರಿ.

ಆಮ್ಲವನ್ನು ಐಸ್‌ನಲ್ಲಿಡಿ. ಪ್ಲೇಟನ್ನು ಇನ್‌ಕ್ಯುಬೇಟರಿನಿಂದ ತೆಗೆದ ಕೂಡಲೇ ಓರೆ ಮಾಡಿ ಮೀಡಿಯಾ ಎಳೆದುಬಿಡಿ. ತೊಳೆಯಲೇಬೇಕು ಅನಿಸಿದರೆ 37 ಡಿಗ್ರಿಯ, ಗ್ಲೂಕೋಸ್ ಇರುವ ಬಫರ್‌ನಿಂದ ಒಮ್ಮೆ, ಹತ್ತು ಸೆಕೆಂಡಿನೊಳಗೆ. ಎಚ್‌ಇಕೆ ಕೋಶಗಳ ಅಂಟು ತೀರಾ ದುರ್ಬಲ, ಪಿಪೆಟ್ಟಿನ ರಭಸಕ್ಕೇ ಹಾಳೆಯಂತೆ ಎದ್ದು ಬರುತ್ತವೆ. ಪ್ಲೇಟಿಗೆ ಮೊದಲೇ ಪಾಲಿಲೈಸಿನ್ ಲೇಪಿಸಿಕೊಂಡರೆ ಈ ಗೋಳಿಲ್ಲ. ದ್ರವ ತಳದಲ್ಲಿ ಉಳಿಯದಂತೆ ನೋಡಿಕೊಳ್ಳಿ. ನೂರು ಮೈಕ್ರೊಲೀಟರ್ ಉಳಿದರೂ ಆಮ್ಲದ ಸಾಂದ್ರತೆಯೂ ನಿಮ್ಮ ಗಾತ್ರದ ಲೆಕ್ಕವೂ ಕೆಡುತ್ತವೆ. ತಕ್ಷಣ 500 ಮೈಕ್ರೊಲೀಟರ್ ತಣ್ಣನೆಯ ಆಮ್ಲ ಹಾಕಿ, ಪ್ಲೇಟನ್ನು ಐಸ್ ಮೇಲಿಡಿ. ಪಾರದರ್ಶಕವಾಗಿದ್ದ ಕೋಶಗಳ ಪದರ ನೋಡುತ್ತಿದ್ದಂತೆ ಬೆಳ್ಳಗೆ ಮಬ್ಬಾಗುತ್ತದೆ. ಪ್ರೋಟೀನು ಹೆಪ್ಪುಗಟ್ಟಿತು, ಕಿಣ್ವಗಳ ಆಟ ಮುಗಿಯಿತು ಎಂದರ್ಥ. ಐದು ನಿಮಿಷ ಬಿಟ್ಟು ಕೆರೆದು ಟ್ಯೂಬಿಗೆ ಹಾಕಿ, 4 ಡಿಗ್ರಿಯಲ್ಲಿ 12,000 ಜಿ ವೇಗದಲ್ಲಿ 5 ನಿಮಿಷ ತಿರುಗಿಸಿ. ಮೇಲಿನ ದ್ರವದಲ್ಲಿ ಲೆಕ್ಕ ಹಾಕಿ 450 ಮೈಕ್ರೊಲೀಟರ್ ಮಾತ್ರ ತೆಗೆದುಕೊಳ್ಳಿ. ತಳದ ಗಸಿಯನ್ನು ಎಸೆಯಬೇಡಿ, 0.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಿದರೆ ಪ್ರೋಟೀನ್ ಅಳತೆ ಅದರಿಂದಲೇ ಆಗುತ್ತದೆ. ಸ್ಟ್ಯಾಂಡರ್ಡ್‌ಗಳನ್ನೂ ಅದೇ ಕ್ಷಾರದಲ್ಲಿ ಮಾಡಿಕೊಳ್ಳಿ.

ಆಮ್ಲದಲ್ಲಿ ಎಟಿಪಿಯನ್ನು ಹೆಚ್ಚು ಹೊತ್ತು ಬಿಡಬಾರದು. 1 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ 100 ಡಿಗ್ರಿಗೆ ಏಳು ನಿಮಿಷ ಕಾಯಿಸಿದರೆ ಎಟಿಪಿಯ ಕೊನೆಯ ಎರಡು ಫಾಸ್ಫೇಟುಗಳು ಕಳಚಿಕೊಂಡು ಎಎಂಪಿ ಉಳಿಯುತ್ತದೆ. ಹಳೆಯ ಕಾಲದವರು ಎಟಿಪಿಯನ್ನು ಗುರುತಿಸುತ್ತಿದ್ದದ್ದೇ ಈ ‘ಏಳು ನಿಮಿಷದ ಫಾಸ್ಫೇಟ್’ನಿಂದ. 1929ರಲ್ಲಿ ಎಟಿಪಿಯನ್ನು ಜರ್ಮನಿಯಲ್ಲಿ ಕಾರ್ಲ್ ಲೋಮನ್, ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆ ಮತ್ತು ನಮ್ಮ ಭೀಮವರಂ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಬೇರೆಬೇರೆಯಾಗಿ ಕಂಡುಕೊಂಡರು. ಫಾಸ್ಫೇಟ್ ಅಳೆಯಲು ಇಂದಿಗೂ ಎಷ್ಟೋ ಲ್ಯಾಬುಗಳು ಬಳಸುವ ನೀಲಿ ಬಣ್ಣದ ವಿಧಾನ ಫಿಸ್ಕೆ–ಸುಬ್ಬರಾವ್ ಅವರದೇ, 1925ರದ್ದು. ಐಸ್ ಮೇಲೆ ಹತ್ತು ಹದಿನೈದು ನಿಮಿಷಕ್ಕೆ ಏನೂ ಆಗುವುದಿಲ್ಲ. ಆದರೆ ಆಮ್ಲದಲ್ಲೇ ಬಿಟ್ಟು ಊಟಕ್ಕೆ ಹೋಗಬೇಡಿ, ಆಮ್ಲದಲ್ಲೇ ಫ್ರೀಜರಿಗೂ ಹಾಕಬೇಡಿ.

ತಟಸ್ಥಗೊಳಿಸಲು 2 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ 0.3 ಮೋಲಾರ್ ಮೋಪ್ಸ್ (ಪಿಎಚ್ ಹಿಡಿದಿಡುವ ಬಫರ್) ಬೆರೆಸಿಟ್ಟುಕೊಳ್ಳಿ. 450 ಮೈಕ್ರೊಲೀಟರಿಗೆ ಸುಮಾರು 145 ಬೇಕಾಗುತ್ತದೆ. ಒಂದೇ ಸಲ ಸುರಿಯದೆ ಮೂರು ಕಂತಿನಲ್ಲಿ ಹಾಕಿ, ಪ್ರತಿ ಸಲ ವೋರ್ಟೆಕ್ಸ್ ಮಾಡಿ. ಕೊನೆಗೆ 2 ಮೈಕ್ರೊಲೀಟರ್ ಹನಿಯನ್ನು ಪಿಎಚ್ ಪಟ್ಟಿಗೆ ಮುಟ್ಟಿಸಿ ನೋಡಿ, 6.8ರಿಂದ 7.4 ಇದ್ದರೆ ಸರಿ. ಐಸ್ ಮೇಲೆ ಹತ್ತು ನಿಮಿಷ ಬಿಟ್ಟರೆ ಬಿಳಿ ಹರಳುಗಳು ತಳಕ್ಕಿಳಿಯುತ್ತವೆ, ಅದು ಪೊಟ್ಯಾಸಿಯಂ ಪರ್ಕ್ಲೋರೇಟ್. ಮತ್ತೊಮ್ಮೆ ತಿರುಗಿಸಿ ಮೇಲಿನದನ್ನು ತೆಗೆದು, ಚಿಕ್ಕ ಪಾಲುಗಳಾಗಿ ಮೈನಸ್ 80ಕ್ಕೆ ಹಾಕಿ. ಪೊಟ್ಯಾಸಿಯಂ ಖಾಲಿಯಾಗಿದೆ ಎಂದು ಸೋಡಿಯಂ ಹೈಡ್ರಾಕ್ಸೈಡ್ ಹಾಕುವವರಿದ್ದಾರೆ. ಪಿಎಚ್ ಸರಿಯಾಗಿಯೇ ಬರುತ್ತದೆ, ಆದರೆ ಸೋಡಿಯಂ ಪರ್ಕ್ಲೋರೇಟ್ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಒಂದು ಹರಳೂ ಕೂರುವುದಿಲ್ಲ. ಪರ್ಕ್ಲೋರೇಟ್ ಅಷ್ಟೂ ದ್ರಾವಣದಲ್ಲೇ ಉಳಿದು ಲ್ಯೂಸಿಫರೇಸನ್ನು ತಡೆಯುತ್ತದೆ. ಪೊಟ್ಯಾಸಿಯಂ ಬಳಸಿದರೂ ಸೊನ್ನೆ ಡಿಗ್ರಿಯಲ್ಲಿ ಸುಮಾರು 50 ಮಿಲಿಮೋಲಾರ್ ಪರ್ಕ್ಲೋರೇಟ್ ಕರಗಿಯೇ ಇರುತ್ತದೆ. ಅದಕ್ಕೆ ಮದ್ದು ದುರ್ಬಲಗೊಳಿಸುವುದು.

ಹತ್ತು ಲಕ್ಷ ಕೋಶದ ಸಾರದಲ್ಲಿ ಎಟಿಪಿ ಸುಮಾರು 9 ಮೈಕ್ರೊಮೋಲಾರ್ ಇರುತ್ತದೆ. ಐವತ್ತು ಪಟ್ಟು ದುರ್ಬಲಗೊಳಿಸಿದರೆ 180 ನ್ಯಾನೊಮೋಲಾರ್ ಆಗಿ ಲ್ಯೂಸಿಫರೇಸಿನ ಸರಳರೇಖೆಯ ವ್ಯಾಪ್ತಿಗೆ ಬರುತ್ತದೆ, ಪರ್ಕ್ಲೋರೇಟೂ 1 ಮಿಲಿಮೋಲಾರಿಗೆ ಇಳಿಯುತ್ತದೆ. ಮಿಂಚುಹುಳದ ಬೆಳಕಿಗೆ ಎಟಿಪಿ ಬೇಕು ಎಂದು ವಿಲಿಯಂ ಮೆಕ್‌ಎಲ್ರಾಯ್ 1947ರಲ್ಲಿ ತೋರಿಸಿದಾಗಿನಿಂದ ಈ ಅಳತೆ ನಡೆದುಬಂದಿದೆ. ಈ ಕಿಣ್ವಕ್ಕೆ ಪಿಎಚ್ 7.8, ತಾಪ 25 ಡಿಗ್ರಿಯ ಸುತ್ತ ಹಿತ. ಮೆಗ್ನೀಸಿಯಂ ಇಲ್ಲದೆ ಅದು ನಡೆಯುವುದೇ ಇಲ್ಲ. ನಿಮ್ಮ ಟ್ರಿಪ್ಸಿನ್ ಬಾಟಲಿಯಲ್ಲಿರುವ ಇಡಿಟಿಎ ಪೆಲೆಟ್ಟಿನ ಜೊತೆ ಬಂದರೆ ಮೆಗ್ನೀಸಿಯಂ ಅನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ. ಕ್ಲೋರೈಡ್ ಕೂಡ ತಡೆಯೊಡ್ಡುವುದರಿಂದ ಬಫರನ್ನು ನೀವೇ ಮಾಡುವುದಾದರೆ ಮೆಗ್ನೀಸಿಯಂ ಅಸಿಟೇಟ್ ಬಳಸಿ. ಆಮ್ಲ ಉಳಿದರೆ ಬೆಳಕು ಕಡಿಮೆಯಾಗುವುದಷ್ಟೇ ಅಲ್ಲ, ಹಳದಿ-ಹಸಿರಿನಿಂದ ಕೆಂಪಿನತ್ತ ಸರಿಯುತ್ತದೆ, ಕೆಂಪು ಬೆಳಕಿಗೆ ಯಂತ್ರದ ಫೋಟೊಮಲ್ಟಿಪ್ಲೈಯರ್ ಅಷ್ಟು ಸೂಕ್ಷ್ಮವೂ ಅಲ್ಲ.

ತಡೆ ಇದೆಯೇ ಎಂದು ಊಹಿಸುತ್ತ ಕೂರಬೇಡಿ, ಎರಡು ಕಡೆ ಗೊತ್ತಿರುವ ಎಟಿಪಿ ಸೇರಿಸಿ ನೋಡಿ. ಒಂದು, ದುರ್ಬಲಗೊಳಿಸಿದ ಸ್ಯಾಂಪಲ್ ಲ್ಯೂಸಿಫರೇಸಿಗೆ ಹೋಗುವಾಗ. ಅಲ್ಲಿ ಬೆಳಕು ಪೂರ್ತಿ ಏರದಿದ್ದರೆ ಅದು ತಡೆ. ಇನ್ನೊಂದು, ಆಮ್ಲ ಹಾಕಿದ ಕ್ಷಣದಲ್ಲಿ ಬೇರೊಂದು ವೆಲ್ಲಿಗೆ 5 ನ್ಯಾನೊಮೋಲ್. ಅದರಲ್ಲಿ ಶೇ 90ಕ್ಕಿಂತ ಕಡಿಮೆ ವಾಪಸು ಬಂದರೆ ನಷ್ಟ ಹೊರತೆಗೆಯುವ ಹಂತದ್ದು. ಎರಡೂ ಸರಿಯಿದ್ದು ಆಗಲೂ ಎಟಿಪಿ ಕಡಿಮೆ ಬಂದರೆ ಗೈಡ್ ಹೇಳುವುದನ್ನು ಕೇಳಬಹುದು.

ಸ್ಟ್ಯಾಂಡರ್ಡ್ ಬಗ್ಗೆ ಒಂದು ಮಾತು. ಎಟಿಪಿ ಡೈಸೋಡಿಯಂ ಲವಣವನ್ನು ನೀರಿಗೆ ಹಾಕಿದರೆ ದ್ರಾವಣ ಆಮ್ಲೀಯವಾಗಿರುತ್ತದೆ, ಪಿಎಚ್ 7ಕ್ಕೆ ತಂದೇ ಇಡಬೇಕು. ಪುಡಿಯಲ್ಲಿ ನೀರಿನ ಅಂಶ ಇರುವುದರಿಂದ ತೂಕವನ್ನು ನಂಬದೆ 259 ನ್ಯಾನೊಮೀಟರ್‌ನಲ್ಲಿ ಓದಿ. 1 ಸೆಂ.ಮೀ. ಕ್ಯುವೆಟ್ಟಿನಲ್ಲಿ 20 ಮೈಕ್ರೊಮೋಲಾರ್ ದ್ರಾವಣ 0.308 ತೋರಿಸಬೇಕು. ಆದರೆ ಆ ಬೆಳಕನ್ನು ಹೀರುವುದು ಅಡೆನಿನ್ ಭಾಗ. ಎಟಿಪಿ, ಎಡಿಪಿ, ಎಎಂಪಿ, ಅಡೆನೊಸಿನ್ ನಾಲ್ಕೂ ಹೆಚ್ಚುಕಡಿಮೆ ಒಂದೇ ರೀಡಿಂಗ್ ಕೊಡುತ್ತವೆ. ಹತ್ತು ಸಲ ಕರಗಿ ಹೆಪ್ಪುಗಟ್ಟಿ ಅರ್ಧ ಎಡಿಪಿಯಾದ ಹಳೆಯ ಸ್ಟಾಕ್ ಕೂಡ 0.308 ತೋರಿಸಿ ನಗುತ್ತದೆ. ಹೆಕ್ಸೊಕೈನೇಸ್ ಮತ್ತು ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೊಜಿನೇಸ್ ಜೋಡಿಯಿಂದ 340 ನ್ಯಾನೊಮೀಟರಿನಲ್ಲಿ ನೋಡಿದರೆ ಎಟಿಪಿಯಷ್ಟೇ ಲೆಕ್ಕಕ್ಕೆ ಸಿಗುತ್ತದೆ. ಅಲ್ಲಿ 1 ಮಿಲಿಮೋಲಾರಿಗೆ ರೀಡಿಂಗ್ 6.22.

ಎಡಿಪಿ, ಎಎಂಪಿಗೆ ನೀವು ಬಳಸುತ್ತಿರುವುದು ಮೂರು ಟ್ಯೂಬಿನ ವಿಧಾನವೇ ಇರಬೇಕು: ಮೊದಲನೆಯದರಲ್ಲಿ ಬರೀ ಎಟಿಪಿ, ಎರಡನೆಯದರಲ್ಲಿ ಪೈರುವೇಟ್ ಕೈನೇಸ್ ಮತ್ತು ಫಾಸ್ಫೊಈನಾಲ್‌ಪೈರುವೇಟ್ ಹಾಕಿ ಎಡಿಪಿಯನ್ನೂ ಎಟಿಪಿ ಮಾಡುವುದು, ಮೂರನೆಯದರಲ್ಲಿ ಅಡೆನೈಲೇಟ್ ಕೈನೇಸನ್ನೂ ಸೇರಿಸಿ ಎಎಂಪಿಯನ್ನೂ ಎಳೆದುಕೊಳ್ಳುವುದು. ಎಡಿಪಿಗೆ ಇದು ಪರವಾಗಿಲ್ಲ. ಎಎಂಪಿಗೆ ನಾನು ಬೇಡ ಅನ್ನುತ್ತೇನೆ. ಟ್ಯೂಬುಗಳು 25, 28, 28.3 ಓದಿದವು ಎನ್ನಿ. ಪ್ರತಿ ರೀಡಿಂಗಿನಲ್ಲಿ ಶೇ 3 ಏರುಪೇರು ಎಂದರೆ 0.85. ಕೊನೆಯ ಎರಡನ್ನು ಕಳೆದಾಗ ಎಎಂಪಿ 0.3, ಅದರ ಏರುಪೇರು 1.2! ಜೊತೆಗೆ ಪೈರುವೇಟ್ ಕೈನೇಸಿನಲ್ಲಿ ಅಡೆನೈಲೇಟ್ ಕೈನೇಸ್ ಚೂರು ಬೆರೆತಿದ್ದರೆ ಎಎಂಪಿ ಎರಡನೇ ಟ್ಯೂಬಿನಲ್ಲೇ ಎಡಿಪಿಯ ವೇಷದಲ್ಲಿ ಬಂದುಬಿಡುತ್ತದೆ. ಪರೀಕ್ಷಿಸಲು ಎಎಂಪಿ ಸ್ಟ್ಯಾಂಡರ್ಡ್‌ಗೆ ಚಿಟಿಕೆಯಷ್ಟು ಎಟಿಪಿ ಸೇರಿಸಿ ಎರಡನೇ ಟ್ಯೂಬಿನಂತೆ ನಡೆಸಿ, ಬೆಳಕು ಏರಬಾರದು. ಅಮೋನಿಯಂ ಸಲ್ಫೇಟಿನಲ್ಲಿ ತೇಲಿಸಿಟ್ಟ ಕಿಣ್ವವಾದರೆ ಆ ಲವಣವೂ ಬೆಳಕನ್ನು ತಗ್ಗಿಸುತ್ತದೆ. ಹಾಗಾಗಿ ಮೂರೂ ಬಗೆಯ ಟ್ಯೂಬಿಗೆ ಸ್ಟ್ಯಾಂಡರ್ಡ್ ಗೆರೆ ಪ್ರತ್ಯೇಕವಾಗಿಯೇ ಬೇಕು. ಎಚ್‌ಪಿಎಲ್‌ಸಿ (ವಸ್ತುಗಳನ್ನು ಕಾಲಮ್ಮಿನಲ್ಲಿ ಬೇರ್ಪಡಿಸಿ ಅಳೆಯುವ ಯಂತ್ರ) ಸಿಕ್ಕರೆ 10 ಸೆಂ.ಮೀ. ಪ್ಲೇಟಿನ ಕೋಶಗಳನ್ನು 1 ಮಿಲಿ ಆಮ್ಲದಲ್ಲಿ ತೆಗೆದು, ಸಿ18 ಕಾಲಮ್ಮಿನಲ್ಲಿ ಫಾಸ್ಫೇಟ್ ಬಫರಿಗೆ ಟೆಟ್ರಾಬ್ಯುಟೈಲ್ ಅಮೋನಿಯಂ ಬೆರೆಸಿ ಓಡಿಸಿ. ಎಎಂಪಿ, ಎಡಿಪಿ, ಎಟಿಪಿ ಇದೇ ಸಾಲಿನಲ್ಲಿ ಬೇರೆಬೇರೆಯಾಗಿ ಬರುತ್ತವೆ.

ಈಗ ಅಡೆನೊಸಿನ್. ಇದೇ ಸಾರದಲ್ಲಿ ಅಳೆಯುವ ಆಸೆ ಬಿಡಿ. ಕೋಶದೊಳಗಿನ ಅಡೆನೊಸಿನ್ 100 ನ್ಯಾನೊಮೋಲಾರ್ ಎಂದುಕೊಂಡರೂ ಹತ್ತು ಲಕ್ಷ ಕೋಶದಲ್ಲಿ ಇರುವುದು 0.2 ಪಿಕೊಮೋಲ್. ಎಟಿಪಿ 6,000 ಪಿಕೊಮೋಲ್. ಎಟಿಪಿಯ ನೂರರಲ್ಲಿ ಒಂದು ಪಾಲು ಅಡೆನೊಸಿನ್ ಮಟ್ಟಕ್ಕೆ ಒಡೆದರೆ 60 ಪಿಕೊಮೋಲ್, ಅಂದರೆ ನಿಜವಾಗಿ ಇದ್ದದ್ದಕ್ಕಿಂತ 300 ಪಟ್ಟು. ಎಟಿಪಿ ಅಂಕಿಯಲ್ಲಿ ಶೇ 1 ವ್ಯತ್ಯಾಸ ನಿಮಗೆ ಕಾಣುವುದೇ ಇಲ್ಲ, ಅಡೆನೊಸಿನ್ ಅಂಕಿ ಮಾತ್ರ ಪೂರ್ತಿ ಸುಳ್ಳಾಗಿರುತ್ತದೆ. ಟ್ರಿಪ್ಸಿನ್ ಹಾಕಿದ ಕೋಶಗಳಲ್ಲಿ ಅಡೆನೊಸಿನ್ ಹೆಚ್ಚಿತ್ತು ಎಂಬಂಥ ಫಲಿತಾಂಶವನ್ನು ಕಣ್ಣುಮುಚ್ಚಿ ಪಕ್ಕಕ್ಕಿಡಬಹುದು.

ನಿಮಗೆ ಬೇಕಿರುವುದು ಕೋಶದ ಹೊರಗಿನ ಅಡೆನೊಸಿನ್ ಆದರೆ ಅದು ಬೇರೆಯದೇ ಪ್ರಯೋಗ. ಹೊರಬಂದ ಎಟಿಪಿಯನ್ನು ಕೋಶದ ಹೊರಮೈಯ ಕಿಣ್ವಗಳಾದ ಸಿಡಿ39 ಎಎಂಪಿಯವರೆಗೆ, ಸಿಡಿ73 ಅಡೆನೊಸಿನ್‌ವರೆಗೆ ಇಳಿಸುತ್ತವೆ. ಅಡೆನೊಸಿನ್ ಸಾಗಣೆದಾರ ಪ್ರೋಟೀನಿನ ಮೂಲಕ ಒಳಗೆ ಹೋಗಿ, ಅಡೆನೊಸಿನ್ ಕೈನೇಸಿನಿಂದ ಮತ್ತೆ ಎಎಂಪಿಯಾಗುತ್ತದೆ. ರಕ್ತದಲ್ಲಂತೂ ಅದರ ಅರ್ಧಾಯುಷ್ಯ ಹತ್ತು ಸೆಕೆಂಡಿಗಿಂತ ಕಡಿಮೆ. ಆದ್ದರಿಂದ ಸ್ಯಾಂಪಲ್ ತೆಗೆಯುವ ಟ್ಯೂಬಿನಲ್ಲೇ ಮೂರು ಬಾಗಿಲೂ ಮುಚ್ಚಿರಬೇಕು: ಸಾಗಣೆ ತಡೆಯಲು ಡೈಪಿರಿಡಮೋಲ್ 10 ಮೈಕ್ರೊಮೋಲಾರ್, ಡಿಅಮಿನೇಸ್ ತಡೆಯಲು ಇಎಚ್‌ಎನ್‌ಎ 10 ಮೈಕ್ರೊಮೋಲಾರ್, ಸಿಡಿ73 ತಡೆಯಲು ಎಒಪಿಸಿಪಿ 50ರಿಂದ 100 ಮೈಕ್ರೊಮೋಲಾರ್. ಮೀಡಿಯಾದಲ್ಲಿ ಕರುವಿನ ಸೀರಮ್ ಇದ್ದರೆ ಅದರಲ್ಲೇ ಅಡೆನೊಸಿನ್ ಡಿಅಮಿನೇಸ್ ಇರುತ್ತದೆ, ನೀವೇ ಹಾಕಿದ ಅಡೆನೊಸಿನ್ ಕೂಡ ನೋಡುನೋಡುತ್ತ ಇನೊಸಿನ್ ಆಗಿರುತ್ತದೆ. ಪ್ರಯೋಗದ ಅವಧಿಗೆ ಸೀರಮ್ ತೆಗೆದುಬಿಡಿ. ಅಳೆಯಲು ಮಾಸ್ ಸ್ಪೆಕ್ಟ್ರೊಮೀಟರ್ ಒಳ್ಳೆಯದು. ಅದಿಲ್ಲದಿದ್ದರೆ ಕ್ಲೋರೊಅಸಿಟಾಲ್ಡಿಹೈಡ್ ಜೊತೆ ಬಿಸಿ ಮಾಡಿ ಹೊಳೆಯುವ ಈಥೀನೊ-ಅಡೆನೊಸಿನ್ ಆಗಿಸಿ ಎಚ್‌ಪಿಎಲ್‌ಸಿಯಲ್ಲಿ ಫ್ಲೋರೆಸೆನ್ಸ್ ನೋಡಬಹುದು. ಈ ವಸ್ತು ವಿಷಕಾರಿ, ಹುಡ್ ಒಳಗೇ ಕೆಲಸ ಮಾಡಿ. ಎಟಿಪಿ, ಎಡಿಪಿ, ಎಎಂಪಿ ಕೂಡ ಹಾಗೆಯೇ ಹೊಳೆಯುತ್ತವೆ, ಕಾಲಮ್ ಇಲ್ಲದೆ ನೇರ ಓದಿದರೆ ಅರ್ಥವಿಲ್ಲ. ಅಂದಹಾಗೆ ಎಚ್‌ಇಕೆ ಕೋಶಗಳಲ್ಲಿ ಸಹಜವಾಗಿಯೇ ಎ2ಬಿ ಅಡೆನೊಸಿನ್ ಗ್ರಾಹಕಗಳಿವೆ. ಮುಂದೆ ಎಂದಾದರೂ ಇವೇ ಕೋಶಗಳಲ್ಲಿ ಸೈಕ್ಲಿಕ್ ಎಎಂಪಿ (ಆ ಗ್ರಾಹಕ ಚುರುಕಾದಾಗ ಏರುವ ಸಂದೇಶವಾಹಕ ಅಣು) ಅಳೆದು, ಔಷಧಿ ಹಾಕದ ವೆಲ್ಲಿನಲ್ಲೂ ಅದು ಏರಿದ್ದು ಕಂಡರೆ ಸೋರಿದ ಅಡೆನೊಸಿನ್ ಮೇಲೆ ಅನುಮಾನ ಇರಲಿ.

ಗೈಡ್‌ಗೆ ಒಪ್ಪಿಸಲು ಒಂದೇ ದಿನದ ಪ್ರಯೋಗ ಸಾಕು. ಒಂದೇ ಪಾಸೇಜಿನ ಕೋಶಗಳನ್ನು 6 ವೆಲ್ ಪ್ಲೇಟುಗಳಲ್ಲಿ ಬೆಳೆಸಿ, ಪ್ರತಿ ಬಗೆಗೆ ಮೂರು ವೆಲ್ ಇಟ್ಟುಕೊಳ್ಳಿ. ಮೊದಲ ಗುಂಪಿಗೆ ಪ್ಲೇಟಿನ ಮೇಲೆಯೇ ಆಮ್ಲ. ಎರಡನೆಯದಕ್ಕೆ ಟ್ರಿಪ್ಸಿನ್ ಆದ ಕೂಡಲೇ ಆಮ್ಲ. ಮೂರನೆಯದಕ್ಕೆ ಎರಡು ಪಿಬಿಎಸ್ ತೊಳೆತದ ನಂತರ. ನಾಲ್ಕನೆಯದಕ್ಕೆ ಹೆಪ್ಪುಗಟ್ಟಿಸಿ ಕರಗಿಸಿದ ಮೇಲೆ. ಐದನೆಯ ಗುಂಪನ್ನು ಗ್ಲೂಕೋಸ್ ಇಲ್ಲದ ಮೀಡಿಯಾದಲ್ಲಿ ಎಟಿಪಿ ತಯಾರಿಯನ್ನು ತಡೆಯುವ 1 ಮೈಕ್ರೊಮೋಲಾರ್ ಒಲಿಗೊಮೈಸಿನ್ ಮತ್ತು 10 ಮಿಲಿಮೋಲಾರ್ 2-ಡಿಆಕ್ಸಿಗ್ಲೂಕೋಸ್ ಹಾಕಿ ಅರ್ಧ ಗಂಟೆ ಬಿಟ್ಟು, ಪ್ಲೇಟಿನ ಮೇಲೆಯೇ ಆಮ್ಲ ಹಾಕಿ. ಈ ಗುಂಪಿನ ಎಟಿಪಿ ದಿಢೀರ್ ಬಿದ್ದಿರಬೇಕು, ಬೀಳದಿದ್ದರೆ ಅಳತೆಯೇ ಸರಿಯಿಲ್ಲ. ಎಲ್ಲ ಗುಂಪಿಗೂ ಮೊತ್ತ ಮತ್ತು ಚಾರ್ಜ್ ಎರಡನ್ನೂ ಅಕ್ಕಪಕ್ಕ ಬರೆಯಿರಿ. ಯಾವ ಹೆಜ್ಜೆಯಲ್ಲಿ ಎಷ್ಟು ಹೋಯಿತು ಎಂಬುದು ಆ ಎರಡು ಸಾಲಿನಲ್ಲೇ ಸಿಗುತ್ತದೆ. ಫ್ರೀಜರಿನಲ್ಲಿರುವ ಹಳೆಯ ಪೆಲೆಟ್ಟುಗಳಿಂದ ನ್ಯೂಕ್ಲಿಯೋಟೈಡ್ ಅನುಪಾತ ಇನ್ನು ಸಿಗುವುದಿಲ್ಲ. ವೆಸ್ಟರ್ನ್ ಬ್ಲಾಟಿಗೋ ಡಿಎನ್ಎಗೋ ಬೇಕಾದರೆ ಇಟ್ಟುಕೊಳ್ಳಿ, ಆದರೆ ಎಎಂಪಿ-ಕೈನೇಸಿನ ಫಾಸ್ಫೇಟ್ ಗುರುತು ನೋಡಲು ಬಳಸಬೇಡಿ. ಎಎಂಪಿ ಏರಿದ ಆ ನಿಮಿಷಗಳಲ್ಲಿ ಅದೂ ಬದಲಾಗಿರುತ್ತದೆ.